ಆಟ ಎಲ್ಲುಂಟು? ಚೌಕಿಯಿಂದ ಮಂಗಳದವರೆಗೆ ನಾಲ್ಕು ದಿನ

ಕರಾವಳಿಯಲ್ಲಿ ಯಕ್ಷಗಾನಕ್ಕೆ ಆಟ ಎಂದೇ ಹೆಸರು. ಮಂಗಳೂರಿನ ಕಡೆ "ಇವತ್ತು ಆಟ ಎಲ್ಲುಂಟು?" ಎಂದು ಕೇಳುತ್ತಾರೆ, ಕುಂದಾಪುರದ ಕಡೆ "ಆಟ ಎಲ್ಲಿತ್ತ್ ಮಾರ್ರೆ?" ಎನ್ನುತ್ತಾರೆ. ಈ ಒಂದು ಪ್ರಶ್ನೆ ಕೇಳಲು ಬಂದರೆ ನಾಲ್ಕು ದಿನದ ತಿರುಗಾಟಕ್ಕೆ ಬೇಕಾದ ಭಾಷೆ ಬಂದಂತೆಯೇ.

ಮೊಬೈಲಿನಲ್ಲಿ ಅರ್ಧ ನಿಮಿಷ ಗಿರ್ಕಿಯ ಸುತ್ತನ್ನೋ ದಿಗಿಣದ ಜಿಗಿತವನ್ನೋ ನೋಡಿ ಯಕ್ಷಗಾನ ಇಷ್ಟವಾಯಿತು ಎನ್ನುವವರು ಈಗ ಬಹಳ ಜನ ಇದ್ದಾರೆ. ಇಷ್ಟವಾದದ್ದು ಒಳ್ಳೆಯದೇ. ಆದರೆ ಆ ಅರ್ಧ ನಿಮಿಷ ಹುಟ್ಟುವುದು ಆರೇಳು ಗಂಟೆಗಳ ದುಡಿಮೆಯಿಂದ. ಆಟವನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಮೊದಲ ಬಣ್ಣ ಅರೆಯುವಲ್ಲಿಂದ ಹಾಡಿ ಆಟ ನಡೆಸುವ ಭಾಗವತರು ಕೊನೆಯ ಮಂಗಳ ಹಾಡುವವರೆಗೆ ಒಮ್ಮೆಯಾದರೂ ಪೂರ್ತಿ ನೋಡಬೇಕು. ಈ ಪ್ರವಾಸದ ದಾರಿ, ದಿನ, ಹೊತ್ತು ಎಲ್ಲವನ್ನೂ ಅದಕ್ಕಾಗಿಯೇ ಹೊಂದಿಸಿದೆ.

ಹೊರಡುವ ಹೊತ್ತು ಮುಖ್ಯ. ದೀಪಾವಳಿ ಕಳೆದ ಮೇಲೆ ಮೇಳಗಳು, ಅಂದರೆ ಆಟದ ತಂಡಗಳು, ಒಂದೊಂದಾಗಿ ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಮೇ 24 ಅಥವಾ 25ರ ಸುಮಾರಿಗೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಮುಗಿದ ಮೇಲೆ. ಈ ಆರು ತಿಂಗಳಲ್ಲಿ ಜನವರಿ, ಫೆಬ್ರವರಿ ಅತ್ಯುತ್ತಮ. ಗದ್ದೆ ಕೊಯ್ಲು ಮುಗಿದು ನೆಲ ಗಟ್ಟಿಯಾಗಿರುತ್ತದೆ, ಮಳೆಯ ಭಯವಿಲ್ಲ, ಸೆಕೆಯೂ ಏರಿರುವುದಿಲ್ಲ. ಮೇ ತಿಂಗಳಿಗೆ ಹೋದರೆ ಬೆವರಿಗೆ ಬಣ್ಣ ಕರಗುವುದನ್ನು ನೋಡಬೇಕಾಗುತ್ತದೆ. ಆ ಹೊತ್ತಿಗೆ ಕಲಾವಿದರೂ ದಣಿದಿರುತ್ತಾರೆ.

ಚೀಲದಲ್ಲಿ ಒಂದು ಚಾಪೆ, ದಪ್ಪ ಚಾದರ, ಕಿವಿ ಮುಚ್ಚುವ ಟೊಪ್ಪಿ, ಸೊಳ್ಳೆಗೆ ಹಚ್ಚುವ ಮುಲಾಮು, ಸಣ್ಣ ಟಾರ್ಚು, ನೀರಿನ ಬಾಟಲಿ ಇರಲಿ. ಚಾದರವನ್ನು ಬಿಟ್ಟು ಬರುವವರೇ ಹೆಚ್ಚು. ಕರಾವಳಿಯಲ್ಲಿ ಎಂಥ ಚಳಿ ಎಂಬ ಧೈರ್ಯ ಅವರದು. ಬಯಲಿನಲ್ಲಿ ಕೂತವರ ತಲೆಯ ಮೇಲೆ ರಾತ್ರಿ ಎರಡರ ನಂತರ ಇಬ್ಬನಿ ಇಳಿಯುತ್ತದೆ. ಮೂರು ಗಂಟೆಗೆ ಚಾದರವಿಲ್ಲದವರು ಎದ್ದು ಹೋಗುತ್ತಾರೆ. ಆಟ ಬಿಗಿಯಾಗುವುದು ಆಗಲೇ.

ಮೊದಲ ದಿನ: ಇಂದ್ರಾಳಿ, ಮಂದಾರ್ತಿ

ಉಡುಪಿಯ ರೈಲು ನಿಲ್ದಾಣ ಊರ ನಡುವೆ ಇಲ್ಲ, ಇಂದ್ರಾಳಿಯಲ್ಲಿದೆ. ಈ ಪ್ರವಾಸಕ್ಕೆ ಅದೇ ಅನುಕೂಲ. ಯಕ್ಷಗಾನ ಕೇಂದ್ರ ಇರುವುದೂ ಇಂದ್ರಾಳಿಯಲ್ಲೇ. ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿದ ಈ ಕೇಂದ್ರದ ಹಿಂದೆ ಶಿವರಾಮ ಕಾರಂತರ ಒತ್ತಾಸೆ ಇತ್ತು. ಹುಡುಗರು ಇಲ್ಲೇ ಉಳಿದು, ಶಾಲೆಗೂ ಹೋಗುತ್ತಾ ಕುಣಿತ, ಹಾಡುಗಾರಿಕೆ, ಚಂಡೆ, ಮದ್ದಳೆ ಕಲಿಯುತ್ತಾರೆ. ಮೊದಲೇ ಫೋನು ಮಾಡಿ ಒಪ್ಪಿಗೆ ಕೇಳಿ ಹೋಗಬೇಕು, ಪಾಠದ ಹೊತ್ತಿನಲ್ಲಿ ಗೋಡೆಗೆ ಒರಗಿ ಸುಮ್ಮನೆ ಕೂರಬೇಕು.

ಇಲ್ಲಿ ಕೂತು ತಾಳ ಗುರುತಿಸುವುದನ್ನು ಕಲಿತರೆ ಮುಂದೆ ನೋಡುವ ಆಟಗಳಿಗೆಲ್ಲ ಉಪಯೋಗ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ, ಕೋರೆ: ಯಕ್ಷಗಾನದ ಪದ್ಯಗಳು ಓಡುವುದು ಈ ಕೆಲವೇ ತಾಳಗಳ ಮೇಲೆ. ಹೆಸರು ಕರ್ನಾಟಕ ಸಂಗೀತದ ತಾಳಗಳಂತೆ ಕೇಳಿಸಿದರೂ ನಡೆ ಬೇರೆ, ಮುಗಿಸುವ ರೀತಿ ಬೇರೆ. ಸಂಗೀತ ಕಲಿತವರು ಮೊದಲ ಸಲ ಎಡವುವುದು ಇಲ್ಲಿಯೇ. ಬೆರಳೆಣಿಕೆ ಬಿಟ್ಟು ಪಾದದ ಸದ್ದಿಗೆ ಕಿವಿ ಕೊಟ್ಟರೆ ಬೇಗ ಹಿಡಿಯುತ್ತದೆ. ಪದ್ಯದ ಕೊನೆಗೆ ಚಂಡೆ, ಮದ್ದಳೆ, ಹೆಜ್ಜೆ ಮೂರೂ ಸೇರಿ ಮುಕ್ತಾಯಕ್ಕೆ ಬರುವಾಗ ಹುಡುಗರ ಮುಖ ನೋಡಬೇಕು. ತಪ್ಪಿದರೆ ಗುರುಗಳು ಏನೂ ಹೇಳುವುದಿಲ್ಲ, ಮತ್ತೆ ಮೊದಲಿನಿಂದ ಬಾಯಿತಾಳ ಶುರು ಮಾಡುತ್ತಾರೆ.

ಭಾಮಿನಿ, ವಾರ್ಧಕ, ಕಂದ ಎಂಬ ಛಂದಸ್ಸಿನ ಪದ್ಯಗಳಿಗೆ ಮಾತ್ರ ತಾಳದ ಹಂಗಿಲ್ಲ. ಭಾಗವತರು ಅವನ್ನು ಬಿಡಿಸಿ ಬಿಡಿಸಿ ಹಾಡುತ್ತಾರೆ. ಆಗ ವೇಷಧಾರಿ ಕುಣಿಯುವುದಿಲ್ಲ, ನಿಂತು ಅಭಿನಯಿಸುತ್ತಾನೆ. ಕತೆ ಯಾವಾಗ ನಿಲ್ಲುತ್ತದೆ, ಯಾವಾಗ ಓಡುತ್ತದೆ ಎಂಬ ಗುಟ್ಟು ಇಷ್ಟರಲ್ಲೇ ಇದೆ.

ಮಧ್ಯಾಹ್ನ ಊಟ ಮಾಡಿ ಎರಡು ತಾಸು ಮಲಗಿ. ಇದನ್ನು ಸಲಹೆ ಎಂದು ತಳ್ಳಿಹಾಕಬೇಡಿ. ಹಗಲು ನಿದ್ದೆ ಮಾಡದೆ ಆಟಕ್ಕೆ ಹೋದವರು ನಡುರಾತ್ರಿಗೆ ಕೈಸೋಲುತ್ತಾರೆ.

ಸಂಜೆಯ ಹೊತ್ತಿಗೆ ಬ್ರಹ್ಮಾವರ, ಬಾರಕೂರು ದಾಟಿ ಮಂದಾರ್ತಿಯ ಕಡೆ. ದುರ್ಗಾಪರಮೇಶ್ವರಿಯ ಈ ಕ್ಷೇತ್ರಕ್ಕೆ ಐದು ಮೇಳಗಳಿವೆ, ಹಾಗಾಗಿ ಒಂದೇ ರಾತ್ರಿ ಐದು ಊರುಗಳಲ್ಲಿ ಮಂದಾರ್ತಿಯ ಆಟ ನಡೆಯುತ್ತದೆ. ಎಲ್ಲವೂ ಹರಕೆಯ ಆಟ. ಮಗುವಾಗಲಿ, ಮದುವೆಯಾಗಲಿ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೇಳಿಕೊಂಡ ಮನೆಯವರು ದೇವಸ್ಥಾನಕ್ಕೆ ವೀಳ್ಯ ಕೊಟ್ಟು ದಿನ ಗೊತ್ತು ಮಾಡಿಕೊಂಡಿರುತ್ತಾರೆ. ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾದ ಮನೆಗಳಿವೆ. ನೋಡುವವರಿಗೆ ಟಿಕೆಟ್ಟಿಲ್ಲ. ಬಂದವರಿಗೆಲ್ಲ ಊಟ ಹಾಕುವ ಮನೆಗಳೂ ಬಹಳ. ಕರೆಯದೆ ಹೇಗೆ ಹೋಗುವುದು ಎಂಬ ಸಂಕೋಚ ಬೇಡ. ಹರಕೆಯ ಆಟಕ್ಕೆ ಜನ ಸೇರುವುದೇ ಮನೆಯವರಿಗೆ ಸಂತೋಷ.

ಜಾಗ ಹುಡುಕುವುದು ಹೇಗೆ? ಕರಾವಳಿಯ ದಿನಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಅಂದಿನ ಆಟಗಳ ಪಟ್ಟಿ ಇರುತ್ತದೆ: ಮೇಳದ ಹೆಸರು, ಊರು, ಆಡಿಸುವ ಮನೆ. ತಪ್ಪಾಗುವುದು ಎರಡು ಕಡೆ. ಒಂದೇ ಕ್ಷೇತ್ರದ ಮೇಳಗಳಿಗೆ ಎ, ಬಿ, ಸಿ ಎಂದೋ ಒಂದನೇ, ಎರಡನೇ ಎಂದೋ ಗುರುತಿರುತ್ತದೆ. ಅದನ್ನು ನೋಡಿಕೊಳ್ಳದೆ ಬೇರೆ ಮೇಳದ ಆಟಕ್ಕೆ ಹೋಗಿಬಿಡುವವರಿದ್ದಾರೆ. ಇನ್ನೊಂದು ಮನೆಯ ಹೆಸರಿನದು. "ಮೇಲ್ಮನೆ ವಠಾರ" ಎಂದು ಬರೆದಿದ್ದರೆ ಮೊಬೈಲಿನ ನಕಾಶೆ ಅದೇ ಹೆಸರಿನ ಇನ್ನೊಂದು ಊರಿಗೆ ಕರೆದೊಯ್ಯುತ್ತದೆ. ಹತ್ತಿರದ ಪೇಟೆಯ ರಿಕ್ಷಾ ನಿಲ್ದಾಣದಲ್ಲಿ ಕೇಳಿದರೆ ತಪ್ಪುವ ಮಾತೇ ಇಲ್ಲ. ಮರಳುವ ಬಾಡಿಗೆಯನ್ನೂ ಆಗಲೇ ಮಾತಾಡಿಕೊಳ್ಳಿ, ಏಕೆಂದರೆ ನಡುರಾತ್ರಿಯ ನಂತರ ಒಳದಾರಿಯಲ್ಲಿ ಬಸ್ಸಿಲ್ಲ.

ಇನ್ನೂ ಬೆಳಕಿರುವಾಗಲೇ ತಲುಪಿ ಮೊದಲು ಚೌಕಿಗೆ ಹೋಗಿ. ತಗಡು, ಟಾರ್ಪಾಲು, ತೆಂಗಿನ ಮಡಲು, ಸಿಕ್ಕಿದ್ದರಲ್ಲಿ ಕಟ್ಟಿದ ಉದ್ದನೆಯ ಚಪ್ಪರ ಅದು. ಒಂದು ತುದಿಯಲ್ಲಿ ಮೇಳದ ದೇವರು, ದೀಪ. ಅಲ್ಲಿಂದ ಎರಡು ಸಾಲಾಗಿ ವೇಷಧಾರಿಗಳು ತಂತಮ್ಮ ಪೆಟ್ಟಿಗೆ, ಕನ್ನಡಿಗಳ ಮುಂದೆ ಕೂರುತ್ತಾರೆ. ಈ ಕೂರುವ ಜಾಗ ವೇಷದ ಸ್ಥಾನಕ್ಕೆ ತಕ್ಕಂತೆ ಗೊತ್ತಾಗಿರುತ್ತದೆ. ಚಪ್ಪಲಿ ಹೊರಗೆ ಬಿಡಿ. ಪೆಟ್ಟಿಗೆಗಳನ್ನು ದಾಟಬೇಡಿ, ಸುತ್ತಿ ಹೋಗಿ. ಕಣ್ಣಿಗೆ ಕಾಡಿಗೆ ಎಳೆಯುತ್ತಿರುವವರ ಮುಂದೆ ಫ್ಲಾಶ್ ಹಾಕಿ ಫೋಟೋ ತೆಗೆಯುವುದು ದೊಡ್ಡ ಅನ್ಯಾಯ. ಅವರ ಕೈ ಒಂದು ಕೂದಲೆಳೆ ಅಲ್ಲಾಡಿದರೆ ಇಡೀ ಮುಖ ಒರೆಸಿ ಹೊಸದಾಗಿ ಬರೆಯಬೇಕಾಗುತ್ತದೆ.

ಬಣ್ಣದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಮುಖಕ್ಕೆ ತೆಂಗಿನೆಣ್ಣೆ. ಬಿಳಿಯ ಸಫೇದ, ಹಳದಿ, ಕೆಂಪು ಪುಡಿಗಳನ್ನು ಅಂಗೈಯಲ್ಲೇ ಎಣ್ಣೆಗೆ ಕಲಸಿ ಮೈಬಣ್ಣ ಮಾಡಿಕೊಳ್ಳುತ್ತಾರೆ. ಅಳತೆ ಕಣ್ಣಂದಾಜು. ಕೆಂಪು ತುಸು ಹೆಚ್ಚಾದರೆ ಮುಖ ದೀಪದ ಬೆಳಕಿಗೆ ಇಟ್ಟಿಗೆಯಂತೆ ಕಾಣುತ್ತದೆ, ಬಿಳಿ ಹೆಚ್ಚಾದರೆ ಮೂಗು ಚಪ್ಪಟೆಯಾಗುತ್ತದೆ. ಸಮನಾಗಿ ಹಚ್ಚಿದ ಮೇಲೆ ಬಟ್ಟೆಯ ಗಂಟಿನಿಂದ ಒಣ ಪೌಡರು ತಟ್ಟುತ್ತಾರೆ. ಎಣ್ಣೆಯನ್ನು ಹಿಡಿದು ನಿಲ್ಲಿಸುವುದು ಆ ಪೌಡರೇ. ಎಣ್ಣೆ ಜಾಸ್ತಿಯಾಗಿದ್ದರೆ ಪೌಡರು ಗಂಟುಗಂಟಾಗಿ, ಮೊದಲ ಕುಣಿತದ ಬೆವರಿಗೇ ಕೆನ್ನೆ ಸೀಳುತ್ತದೆ. ಆಮೇಲೆ ಕಣ್ಣು, ಹುಬ್ಬು, ಮೀಸೆ, ಕಡೆಗೆ ಹಣೆಯ ನಾಮ. ನಾಮ ನೋಡಿಯೇ ಪಾತ್ರ ಯಾವುದೆಂದು ಹೇಳಬಲ್ಲ ಅಜ್ಜಂದಿರು ಆಟದ ಗದ್ದೆಯಲ್ಲಿ ಈಗಲೂ ಸಿಗುತ್ತಾರೆ. ಅವರ ಪಕ್ಕ ಜಾಗ ಹಿಡಿಯಿರಿ.

ಮುಖವಾದ ಮೇಲೆ ಕಾಲು. ಗೆಜ್ಜೆಯನ್ನು ಮೊದಲೇ ಕಟ್ಟಬೇಕು, ಏಕೆಂದರೆ ಸೊಂಟದಿಂದ ಮೇಲಿನ ಆಭರಣ ಬಿಗಿದ ಮೇಲೆ ಬಗ್ಗುವುದಕ್ಕಾಗುವುದಿಲ್ಲ. ಕೆಂಪು, ಹಳದಿ, ಕಪ್ಪು ಚೌಕುಳಿಯ ಸೀರೆಯನ್ನು ಕಸೆ ಹಾಕಿ ಉಟ್ಟು, ಡಾಬು, ಎದೆಕಟ್ಟು, ಭುಜಕೀರ್ತಿ, ಕರ್ಣಪತ್ರ ಒಂದೊಂದಾಗಿ ಏರಿಸುತ್ತಾರೆ. ಹಗುರ ಮರದಲ್ಲಿ ಕೆತ್ತಿ, ಬೇಗಡೆ, ಕನ್ನಡಿ ಚೂರು ಅಂಟಿಸಿದ ಆಭರಣಗಳಿವು. ದೂರಕ್ಕೆ ಹೊಳೆಯಬೇಕು, ಆದರೆ ಕುಣಿಯುವವನಿಗೆ ಭಾರವಾಗಬಾರದು.

ಬಡಗುತಿಟ್ಟು ಎಂಬ ಈ ಬಡಗಣ ಕಡೆಯ ಶೈಲಿಯ ಮುಂಡಾಸು ಕಟ್ಟುವುದನ್ನು ಮಾತ್ರ ರೆಪ್ಪೆ ಬಡಿಯದೆ ನೋಡಿ. ಹಣೆಗೆ ಬಟ್ಟೆಯ ಪಟ್ಟಿ ಬಿಗಿದು, ಅದರ ಮೇಲೆ ಅಟ್ಟೆ ಇಟ್ಟು, ಕಪ್ಪು ಬಟ್ಟೆ ಸುತ್ತಿ, ಜರಿ ಪಟ್ಟಿಯನ್ನು ಸಾಲು ಸಾಲಾಗಿ ಏರಿಸುತ್ತಾರೆ. ಅಭಿಮನ್ಯುವಿನಂಥ ಎಳೆಯ ವೀರನಿಗೆ ಕೇದಗೆಯ ಎಸಳಿನ ಆಕಾರದ ಕೇದಗೆ ಮುಂದಲೆ, ದೊಡ್ಡ ಪಾತ್ರಗಳಿಗೆ ದೊಡ್ಡ ಮುಂಡಾಸು. ಪ್ರತಿ ರಾತ್ರಿ ಹೊಸದಾಗಿಯೇ ಕಟ್ಟಬೇಕು, ಸಿದ್ಧ ಟೊಪ್ಪಿಯಂತೆ ತೊಡುವಂತಿಲ್ಲ. ಸಡಿಲವಾದರೆ ಮಂಡಿ ಹಾಕಿ ಸುತ್ತುವಾಗ ಒಂದು ಬದಿಗೆ ವಾಲುತ್ತದೆ. ಬಿಗಿಯಾದರೆ ಕಪಾಲದ ನರ ಒತ್ತಿ, ಮಾತು ಬರುವ ಹೊತ್ತಿಗೆ ತಲೆ ಸಿಡಿಯುತ್ತದೆ. ಎರಡರ ನಡುವಿನ ಆ ಬಿಗಿಯನ್ನು ಕಟ್ಟಿಸಿಕೊಳ್ಳುವವನ ಹಣೆಯೇ ಹೇಳಬೇಕು.

ರಂಗಸ್ಥಳದಲ್ಲಿ ಕೂರುವಾಗ ಧ್ವನಿಪೆಟ್ಟಿಗೆಯ ನೇರ ಮುಂದೆ ಬೇಡ. ಹಿಮ್ಮೇಳ ರಂಗದ ಹಿಂಭಾಗದಲ್ಲಿರುತ್ತದೆ. ಬಡಗಿನ ಭಾಗವತರ ಕೈಯಲ್ಲಿ ಕಂಚಿನ ತಾಳ, ಪಕ್ಕದಲ್ಲಿ ಮದ್ದಳೆ, ಕೂತು ಬಾರಿಸುವ ಚಂಡೆ. ಮೂರು ಸದ್ದನ್ನೂ ಬೇರೆ ಬೇರೆಯಾಗಿ ಕೇಳಬೇಕಾದರೆ ರಂಗದಿಂದ ಹತ್ತು ಹದಿನೈದು ಮಾರು ದೂರ, ನಡುವಿಗೆ ತುಸು ಪಕ್ಕದಲ್ಲಿ ಚಾಪೆ ಹಾಸಿ.

ಪ್ರಸಂಗದ, ಅಂದರೆ ಆಡುವ ಕತೆಯ, ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಸಂಭಾಷಣೆ ಬರೆದಿರುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ಅಲ್ಲೇ, ಆ ಕ್ಷಣದಲ್ಲಿ, ಸ್ವಂತ ಮಾತಿನಲ್ಲಿ ಕಟ್ಟುತ್ತಾನೆ. ಎದುರಿನವನು ಏನು ಕೇಳುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಮಾತು ಉದ್ದವಾದರೆ ಭಾಗವತರು ಮುಂದಿನ ಪದ್ಯ ಎತ್ತಿ ಕತೆ ಎಳೆದುಕೊಂಡು ಹೋಗುತ್ತಾರೆ. ಚೆನ್ನಾಗಿ ಬಂದರೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೂ ನಿರ್ದೇಶನವೇ. ಇದು ತಿಳಿದಿದ್ದರೆ ಮಾತು ಶುರುವಾದ ಕೂಡಲೇ ಚರುಂಬುರಿ ತರಲು ಎದ್ದುಹೋಗುವುದಿಲ್ಲ.

ಚರುಂಬುರಿಗೂ ಒಂದು ಹೊತ್ತಿದೆ: ಹಾಸ್ಯದ ದೃಶ್ಯ ಮುಗಿದು ಹೊಸ ಪಾತ್ರಗಳ ಪ್ರವೇಶದ ಒಡ್ಡೋಲಗ ಶುರುವಾಗುವ ಮೊದಲು. ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್ಟು, ನೆಲಗಡಲೆ, ಖಾರದ ಪುಡಿ, ಉಪ್ಪು, ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಕಲಸಿದ ಕ್ಷಣವೇ ತಿನ್ನಬೇಕು, ಎರಡು ನಿಮಿಷಕ್ಕೆ ಮಂಡಕ್ಕಿ ಮೆತ್ತಗಾಗುತ್ತದೆ.

ಎರಡನೇ ದಿನ: ಉಪ್ಪಿನಕುದ್ರು

ತಡವಾಗಿ ಏಳಿ. ಬನ್ಸ್, ಚಹಾ ಮುಗಿಸಿ ಕುಂದಾಪುರದ ದಾರಿ ಹಿಡಿಯಿರಿ. ಉಡುಪಿಯಿಂದ ಸುಮಾರು 37 ಕಿಲೋಮೀಟರು. ನಡುವೆ ಸಾಲಿಗ್ರಾಮ, ಕೋಟ ಬರುತ್ತವೆ. 1902ರಲ್ಲಿ ಕಾರಂತರು ಹುಟ್ಟಿದ ಊರು ಕೋಟ. ಬಡಗಿನ ಭಾಗವತಿಕೆಗೆ ಹೊಸ ಕಂಠ ಕೊಟ್ಟು, 1990ರಲ್ಲಿ ಮೂವತ್ತರ ಹರೆಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಗುಂಡ್ಮಿಯೂ ಇದೇ ದಾರಿಯಲ್ಲಿದೆ. ಅವರ ಪದ್ಯಗಳ ಕ್ಯಾಸೆಟ್ಟು ಕೇಳಿ ಬೆಳೆದ ತಲೆಮಾರು ಈಗಲೂ ಹೊಸ ಭಾಗವತರನ್ನು ಆ ಕಂಠಕ್ಕೆ ಹೋಲಿಸಿಯೇ ತೂಗುತ್ತದೆ. ಹೊಸಬರಿಗೆ ಇದು ಭಾರವೇ.

ಕುಂದಾಪುರ ದಾಟಿ ತಲ್ಲೂರಿನಲ್ಲಿ ತಿರುಗಿದರೆ ಉಪ್ಪಿನಕುದ್ರು. ಕುದ್ರು ಎಂದರೆ ಹೊಳೆ ನಡುವಿನ ನೆಲ. ಇಲ್ಲಿಯ ಕಾಮತ್ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಯಾಟ ಆಡಿಸಿಕೊಂಡು ಬಂದಿದೆ. ಇದನ್ನು ದೇಶದಾಚೆಗೂ ಕೊಂಡೊಯ್ದವರು ಕೊಗ್ಗ ದೇವಣ್ಣ ಕಾಮತರು. ಈಗ ಗೊಂಬೆಮನೆ ಎಂಬ ಕಟ್ಟಡವಿದೆ, ಪ್ರದರ್ಶನದ ದಿನಗಳನ್ನು ಮೊದಲೇ ವಿಚಾರಿಸಿ ಹೋಗಿ.

ಗೊಂಬೆಗಳು ಹೆಚ್ಚೂಕಡಿಮೆ ಒಂದೂವರೆ ಎರಡು ಅಡಿ ಎತ್ತರ, ಮೈಮೇಲೆ ಬಡಗಿನ ವೇಷವೇ. ಮುಂಡಾಸು, ಕಸೆ ಸೀರೆ, ಭುಜಕೀರ್ತಿ ಎಲ್ಲವೂ ಪುಟ್ಟ ಅಳತೆಯಲ್ಲಿ. ತಲೆ, ಕೈ, ಕಾಲುಗಳಿಗೆ ಸೂತ್ರ. ಗೊಂಬೆ ಕುಣಿಯಬೇಕಾದರೆ ಹಿಂದೆ ನಿಂತ ಸೂತ್ರಧಾರಿ ತಾನೂ ತಾಳಕ್ಕೆ ಹೆಜ್ಜೆ ಹಾಕಬೇಕು. ಕಾಲಿನ ಲಯ ಕೈಗೆ ಬಂದು, ಕೈಯಿಂದ ದಾರಕ್ಕೆ ಇಳಿಯಬೇಕು. ಸೂತ್ರ ತುಸು ಉದ್ದವಾದರೂ ಗೊಂಬೆಯ ಮಂಡಿ ಕುಸಿದು ನಡಿಗೆ ಹೋಗಿ ತೇಲಿಕೆಯಾಗುತ್ತದೆ, ಗಿಡ್ಡವಾದರೆ ಪಾದ ನೆಲ ಬಿಟ್ಟು ನೇತಾಡುತ್ತದೆ. ಪಾದ ನೆಲಕ್ಕೆ ತಾಗುವ ಆ ಒಂದು ಸದ್ದಿಲ್ಲದ ಸ್ಪರ್ಶಕ್ಕೆ ವರ್ಷಗಳ ಅಭ್ಯಾಸ ಬೇಕು. ಮಕ್ಕಳನ್ನು ಕರೆದುಕೊಂಡು ಬಂದಿದ್ದರೆ ಆಟ ನೋಡಿದ ಮೇಲೆ ಪರದೆಯ ಹಿಂದೆ ಒಂದು ಸಲ ನಿಲ್ಲಿಸಿ ತೋರಿಸಿ ಎಂದು ಕೇಳಿ.

ಸಂಜೆ ಬಸ್ಸಿನಲ್ಲೋ ರೈಲಿನಲ್ಲೋ ಬಡಗು ದಿಕ್ಕಿಗೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಇಳಿಯುವ ಆಸೆ ಆದರೆ ಇಳಿಯಿರಿ, ರಾತ್ರಿಯ ವಾಸ ಭಟ್ಕಳದಲ್ಲಾದರೂ ಹೊನ್ನಾವರದಲ್ಲಾದರೂ ಆಗುತ್ತದೆ. ಈ ರಾತ್ರಿ ಆಟ ಬೇಡ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ನೋಡಿದರೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಮೂರನೇ ದಿನ: ಗುಣವಂತೆ, ಇಡಗುಂಜಿ

ಮುರ್ಡೇಶ್ವರ ದಾಟಿ ಹೊನ್ನಾವರ ಸೇರುವ ಮೊದಲು ಗುಣವಂತೆ ಸಿಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಇದು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದ ಮೊದಲ ಯಕ್ಷಗಾನ ಕಲಾವಿದ ಶಿವರಾಮ ಹೆಗಡೆಯವರೇ. ಮಗ ಶಂಭು ಹೆಗಡೆಯವರು ಶ್ರೀಮಯ ಕಲಾಕೇಂದ್ರ ತೆರೆದು ಕಲಿಕೆಗೆ ಒಂದು ಕ್ರಮ ಕೊಟ್ಟರು. 2009ರಲ್ಲಿ ಅವರು ತೀರಿಕೊಂಡ ಮೇಲೂ ಮನೆತನದ ಮುಂದಿನವರು ಮೇಳ ನಡೆಸುತ್ತಿದ್ದಾರೆ.

ಇಲ್ಲಿಯದು ಬಡಾಬಡಗು, ಬಡಗಿನಲ್ಲೂ ಇನ್ನಷ್ಟು ಬಡಗಣದ ಶೈಲಿ. ಮಂದಾರ್ತಿಯ ಬಡಗಿಗೂ ಇದಕ್ಕೂ ವೇಷದಲ್ಲಿ ಹೆಚ್ಚು ಅಂತರ ಕಾಣದು, ಆದರೆ ನಡೆ ಬೇರೆ. ಪದ್ಯ ನಿಧಾನ, ಪ್ರತಿ ಮಾತಿಗೂ ಅಭಿನಯ, ಭಾವಕ್ಕೆ ಹೆಚ್ಚು ಜಾಗ. ಇದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಅದೇ ಅಂಗಳದಲ್ಲಿ ಇನ್ನೊಂದು ದಾರಿ ತೆರೆದರು. ಶೃಂಗಾರ ಮತ್ತು ಅಬ್ಬರ ಎರಡನ್ನೂ ಮೈಯಲ್ಲೇ ಹೇಳುವ ಕುಣಿತ ಅವರದು. 2012ರಲ್ಲಿ ಪದ್ಮಶ್ರೀ ಬಂದಾಗ ಅದು ಇಡೀ ಕಲೆಗೇ ಬಂದಂತಿತ್ತು. ಕೆರೆಮನೆ ಶೈಲಿ ದೊಡ್ಡದೋ ಚಿಟ್ಟಾಣಿ ಶೈಲಿ ದೊಡ್ಡದೋ ಎಂಬ ವಾದ ಹೊನ್ನಾವರದ ಚಹಾದಂಗಡಿಗಳಲ್ಲಿ ಮುಗಿಯುವುದಲ್ಲ. ನಿರ್ಣಯ ಹೇಳಲು ಹೋಗದೆ ಕೂತು ಕೇಳಿದರೆ ಒಂದು ಗಂಟೆಯಲ್ಲಿ ಕಲಿಯುವುದು ಬಹಳ. ಯಾವ ಪಾತ್ರವನ್ನು ಯಾರು ಎಲ್ಲಿ ಹೇಗೆ ತಿರುಗಿಸಿದರು ಎಂಬ ವಿವರ ಅವರ ನಾಲಗೆಯ ತುದಿಯಲ್ಲಿರುತ್ತದೆ.

ಮಂಡಿ ಕುಣಿತದ ಬಗ್ಗೆ ಇಲ್ಲಿ ಕಲಿಸುವವರನ್ನು ಕೇಳಿ. ಮಂಡಿಯೂರಿ ಸುತ್ತುವಾಗ ಭಾರವೆಲ್ಲ ಮಂಡಿಯ ಚಿಪ್ಪಿನ ಮೇಲೆ ಬಿದ್ದರೆ ಕೆಲವೇ ವರ್ಷಗಳಲ್ಲಿ ಕಾಲು ಕೈಕೊಡುತ್ತದೆ. ಭಾರವನ್ನು ಸೊಂಟ ಹೊತ್ತು, ಒಂದು ಮಂಡಿ ನೆಲ ಬಿಡುವ ಮೊದಲೇ ಇನ್ನೊಂದಕ್ಕೆ ದಾಟಿಸಬೇಕು. ಚಪ್ಪಾಳೆಗಾಗಿ ಸುತ್ತಿನ ಸಂಖ್ಯೆ ಏರಿಸುತ್ತಾ ಹೋಗುವುದು ಈಗ ಹೆಚ್ಚಿದೆ. ಪದ್ಯ ಕೇಳಿದ್ದು ಮೂರು ಸುತ್ತಾದರೆ ಮೂರೇ ಸಾಕು. ನೋಡುವವರು ಮೂರಕ್ಕೇ ಮೆಚ್ಚಿದರೆ ಕುಣಿಯುವವರ ಕಾಲು ಉಳಿಯುತ್ತದೆ.

ಮಧ್ಯಾಹ್ನ ಇಡಗುಂಜಿ. ಎರಡು ಕೈಗಳ ನಿಂತ ಗಣಪತಿ, ಪಂಚಖಾದ್ಯದ ಪ್ರಸಾದ. ದರ್ಶನ ಮುಗಿಸಿ ರೈಲು ಹಿಡಿದು ತೆಂಕಿಗೆ ತಿರುಗಿ. ಮೂಲ್ಕಿಯಲ್ಲೋ ಸುರತ್ಕಲ್ಲಿನಲ್ಲೋ ಇಳಿದರೆ ಮರುದಿನಕ್ಕೆ ಹತ್ತಿರ.

ನಾಲ್ಕನೇ ದಿನ: ಕಟೀಲು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಜ್ಪೆ ಮೇಲೆ ಬಸ್ಸಿದೆ, ಮೂಲ್ಕಿ ಕಡೆಯಿಂದ ಬಂದರೆ ಕಿನ್ನಿಗೋಳಿ ಮೇಲೆ. ನಂದಿನಿ ಹೊಳೆಯ ನಡುವಿನ ದುರ್ಗಾಪರಮೇಶ್ವರಿಗೆ ಯಕ್ಷಗಾನ ಅತ್ಯಂತ ಪ್ರಿಯವಾದ ಸೇವೆ ಎಂಬ ನಂಬಿಕೆ ಇಲ್ಲಿಯ ಜನರಲ್ಲಿ ಆಳವಾಗಿದೆ. ಕಟೀಲಿನ ಮೇಳಗಳೂ ಹಲವು, ಹರಕೆಯ ಆಟಗಳ ಸರದಿಯೂ ಬಹಳ ಉದ್ದ. ಆಡಿಸುವವರು ಹೆಚ್ಚಾಗಿ ಬಯಸುವುದು ದೇವಿ ಅಸುರರನ್ನು ಕೊಲ್ಲುವ ಕತೆಯಾದ ದೇವಿಮಹಾತ್ಮೆಯನ್ನೇ.

ಹೊರಡುವ ಮೊದಲು ಒಂದು ಮಾತು ವಿಚಾರಿಸಿ: ಆಟ ರಾತ್ರಿಯಿಡೀ ಇದೆಯೋ, ಕಾಲಮಿತಿಯದೋ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಮರುದಿನ ಕೆಲಸಕ್ಕೆ ಹೋಗಬೇಕಾದ ಜನ, ನಿದ್ದೆಗೆಟ್ಟ ಕಲಾವಿದರ ಆರೋಗ್ಯ, ಇವೂ ಸೇರಿ ಅನೇಕ ಆಟಗಳು ನಡುರಾತ್ರಿಗೇ ಮುಗಿಯುತ್ತಿವೆ. ಕಾಲಮಿತಿಯಿಂದ ಕಲಾವಿದರಿಗೆ ನಿಜವಾಗಿಯೂ ಅನುಕೂಲವಾಗಿದೆ, ಅದನ್ನು ಒಪ್ಪಲೇಬೇಕು. ಹೋದದ್ದು ಕತೆಗೆ ಮುಂಚಿನ ಕುಣಿತಗಳ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಮುಖ್ಯ ಸ್ತ್ರೀವೇಷಗಳಲ್ಲಿ ಎಳೆಯ ಹುಡುಗರು ಮೊದಲ ಹೆಜ್ಜೆ ಹಾಕಿ ರಂಗದ ಭಯ ಕಳೆದುಕೊಳ್ಳುತ್ತಿದ್ದರು. ಆ ಒಂದೂವರೆ ಗಂಟೆ ಮೇಳದೊಳಗಿನ ಪಾಠಶಾಲೆಯಾಗಿತ್ತು. ಈಗ ಅದನ್ನು ಬೇರೆ ಕಡೆ ಕಟ್ಟಬೇಕಾಗಿದೆ. ರಾತ್ರಿಯಿಡೀ ಆಡುವ ಆಟ ಸಿಕ್ಕರೆ, ಎಷ್ಟು ದೂರವಾದರೂ ಅದಕ್ಕೇ ಹೋಗಿ.

ಕಟೀಲಿನದು ತೆಂಕುತಿಟ್ಟು, ತೆಂಕಣ ಕಡೆಯ ಶೈಲಿ. ಇದರ ಚೌಕಿಗೆ ಮಧ್ಯಾಹ್ನದ ನಿದ್ದೆ ಮುಗಿಸಿ, ಹೊತ್ತು ಮುಳುಗುವ ಮುಂಚೆ ಸೇರಬೇಕು. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಚುಟ್ಟಿ ಇಡುವುದನ್ನು ನೋಡಬೇಕಾದರೆ ತಾಳ್ಮೆ ಬೇಕು. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ ಬಿಳಿಯ ಹಿಟ್ಟನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಬೊಟ್ಟು ಬೊಟ್ಟಾಗಿ ಇಡುತ್ತಾರೆ. ಒಂದು ಸಾಲು ಆರಿದ ಮೇಲೆ ಅದರ ಮೇಲೆ ಇನ್ನೊಂದು. ಹೀಗೆ ಏರುತ್ತಾ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಹಿಟ್ಟು ನೀರಾದರೆ ಬೊಟ್ಟು ಹರಡುತ್ತದೆ, ಗಟ್ಟಿಯಾದರೆ ಕಡ್ಡಿಗೇ ಅಂಟಿ ಏಳುತ್ತದೆ. ಆರುವ ಮುಂಚೆ ನಕ್ಕರೆ ಕೆನ್ನೆಯ ಸಾಲು ಬಿರಿಯುತ್ತದೆ. ಹಾಗಾಗಿ ಬಣ್ಣದ ವೇಷಧಾರಿ ಗಂಟೆಗಟ್ಟಲೆ ಮಾತಿಲ್ಲದೆ ಕನ್ನಡಿಯೊಂದಿಗೆ ಕೂರುತ್ತಾನೆ. ಚೌಕಿಯಲ್ಲಿ ಅವರನ್ನು ಮಾತಾಡಿಸಬೇಡಿ.

ತೆಂಕಿನ ಹಿಮ್ಮೇಳ ಬೇರೆ. ಭಾಗವತರ ಕೈಯಲ್ಲಿ ಜಾಗಟೆ, ಪಕ್ಕದಲ್ಲಿ ಚಕ್ರತಾಳ. ಚೆಂಡೆ ದೊಡ್ಡದು, ಹೆಗಲಿಗೆ ನೇತುಹಾಕಿ ನಿಂತು ಬಾರಿಸುತ್ತಾರೆ. ವೇಷ ಕುಣಿಯುವುದಷ್ಟೇ ಅಲ್ಲ, ನೆಲದಿಂದ ಚಿಮ್ಮಿ ಸುತ್ತುತ್ತದೆ. ಅದೇ ದಿಗಿಣ. ಮಾರೂರಿನ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಳ್ಳುವವರೆಗೂ ಈ ಚೆಂಡೆಯ ಮೇಲೆ ಏರಿ ನಿಲ್ಲುವ ಕಂಠ ಹೇಗಿರಬೇಕೆಂಬುದಕ್ಕೆ ಅಳತೆಗೋಲಾಗಿದ್ದರು. ಧ್ವನಿವರ್ಧಕವನ್ನು ನೆಚ್ಚದೆ ಗದ್ದೆಯ ಕೊನೆಯವರೆಗೆ ಪದ್ಯ ಮುಟ್ಟಿಸುವ ಹಾಡುಗಾರಿಕೆ ಅದು.

ಇಲ್ಲಿಂದ ತೆಂಕಿಗೆ ಇನ್ನೂ ಒಂದು ದಿನ ಕೈಯಲ್ಲಿದ್ದರೆ ಕಾಸರಗೋಡಿನ ಕುಂಬಳೆಗೆ ಹೋಗಬಹುದು. ರಾಮಾಯಣದ ಪ್ರಸಂಗಗಳನ್ನು ಕಟ್ಟಿದ ಪಾರ್ತಿಸುಬ್ಬನ ಊರು. ಆ ಸೀಮೆಯಲ್ಲಿ ತಾಳಮದ್ದಳೆಯ ರುಚಿ ಹೆಚ್ಚು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿಗಳು ಬರೀ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಧ್ವನಿಮುದ್ರಣಗಳನ್ನು ಕೇಳಿಕೊಂಡು ಹೋದರೆ ಕಿವಿ ಹದವಾಗಿರುತ್ತದೆ.

ಕಟೀಲು ಮೇಳದ ಚೌಕಿಪೂಜೆ ಮುಗಿದು ದೇವಿಮಹಾತ್ಮೆ ಶುರುವಾದ ಮೇಲೆ ಗದ್ದೆ ತುಂಬುತ್ತಾ ಬರುತ್ತದೆ. ಅಜ್ಜಿಯರು ಮುಂದಿನ ಚಾಪೆಯಲ್ಲಿ, ಮಕ್ಕಳು ಅವರ ತೊಡೆಯ ಮೇಲೆ. ಮಧುಕೈಟಭರ ವಧೆಯವರೆಗೆ ಎಚ್ಚರವಿದ್ದ ಮಕ್ಕಳು ಆಮೇಲೆ ನಿದ್ದೆ ಹೋಗುತ್ತವೆ. ನಡುರಾತ್ರಿಯ ಸುಮಾರಿಗೆ ಚೆಂಡೆಯ ಸದ್ದು ಬದಲಾಗುತ್ತದೆ. ಜನ ರಂಗದ ಕಡೆಯಿಂದ ಮುಖ ತಿರುಗಿಸಿ ಹಿಂದೆ ನೋಡುತ್ತಾರೆ. ಮಹಿಷಾಸುರ ಬರುವುದು ಚೌಕಿಯಿಂದಲ್ಲ, ದೂರದ ಕತ್ತಲೆಯಿಂದ, ಜನರ ನಡುವೆ. ದೊಂದಿ ಹಿಡಿದವರು ಮುಂದೆ, ರಾಳದ ಪುಡಿ ಎರಚಿದಾಗ ಭುಗ್ಗೆಂದು ಏಳುವ ಬೆಂಕಿ, ಆ ಬೆಳಕಿನಲ್ಲಿ ಒಂದು ಕ್ಷಣ ಕೋಡು, ಇನ್ನೊಂದು ಕ್ಷಣ ಚುಟ್ಟಿಯ ಬಿಳಿ. ಸಂಜೆಯಿಂದ ಆರುತ್ತಿದ್ದ ಆ ಒಂದೊಂದು ಬೊಟ್ಟೂ ಈ ಬೆಳಕಿಗಾಗಿಯೇ ಇಟ್ಟದ್ದೆಂದು ಆಗ ತಿಳಿಯುತ್ತದೆ. ಟ್ಯೂಬ್‌ಲೈಟಿನಡಿ ಬಣ್ಣದ ವೇಷ ಮುಖವಾಡದಂತೆ ಕಾಣುತ್ತದೆ, ದೊಂದಿಯಲ್ಲಿ ಉಸಿರಾಡುತ್ತದೆ. ದಾರಿ ಬಿಟ್ಟು ಕೂರಿ. ಸಿಂಥೆಟಿಕ್ ಸೀರೆ, ಶಾಲು ಹೊದ್ದವರು ಆ ದಾರಿಯ ಅಂಚಿನಲ್ಲಿ ಕೂರಲೇಬೇಡಿ, ರಾಳದ ಕಿಡಿ ಹಾರುತ್ತದೆ. ಮಕ್ಕಳನ್ನು ಎಬ್ಬಿಸುವುದಿದ್ದರೆ ಮೊದಲೇ ಎಬ್ಬಿಸಿ. ನಿದ್ದೆಗಣ್ಣಿನಲ್ಲಿ ಮಹಿಷನನ್ನು ಕಂಡ ಮಗು ಬೆಳಗಿನವರೆಗೆ ಅಳುತ್ತದೆ.

ಎರಡರ ನಂತರ ನಿಮಗೂ ನಿದ್ದೆ ಬರುತ್ತದೆ. ಬಂದರೆ ಚಾಪೆಯ ಮೇಲೆ ಒರಗಿ. ಆಟದ ಗದ್ದೆಯಲ್ಲಿ ನಿದ್ದೆ ಮಾಡುವುದು ತಪ್ಪಲ್ಲ, ಅದು ಹಿಂದಿನಿಂದ ಬಂದ ರೂಢಿಯೇ. ರಕ್ತಬೀಜನ ಪೀಠಿಕೆಯ ಚೆಂಡೆ ತಾನಾಗಿ ಎಬ್ಬಿಸುತ್ತದೆ. ಅವನ ಮಾತು ದೀರ್ಘ, ಕೇಳಲು ಉಳಿದವರು ಕಡಿಮೆ. ಆ ಹೊತ್ತಿಗೆ ಎಚ್ಚರವಿರುವ ಆ ನೂರಿನ್ನೂರು ಜನರಿಗಾಗಿ ಕಲಾವಿದ ತನ್ನ ಅತ್ಯುತ್ತಮ ಮಾತನ್ನು ಎತ್ತಿಟ್ಟಿರುತ್ತಾನೆ. ಬೇಗ ಎದ್ದುಹೋದವರಿಗೆ ಇದು ದಕ್ಕುವುದಿಲ್ಲ.

ಶುಂಭನ ವಧೆಯಾಗುವಾಗ ಮೂಡಣ ಬೆಳ್ಳಗಾಗುತ್ತಿರುತ್ತದೆ. ದೇವಿಯ ವೇಷಕ್ಕೆ ಮನೆಯವರು ಆರತಿ ಎತ್ತುತ್ತಾರೆ, ಭಾಗವತರು ಮಂಗಳ ಹಾಡುತ್ತಾರೆ, ಪ್ರಸಾದ ಹಂಚುತ್ತಾರೆ. ಆಗಲೂ ಎದ್ದು ಬಸ್ಸಿಗೆ ಓಡಬೇಡಿ, ಮತ್ತೊಮ್ಮೆ ಚೌಕಿಗೆ ಹೋಗಿ. ಕಿರೀಟ ಬಿಚ್ಚಿದ ಹಣೆಯ ಮೇಲೆ ಪಟ್ಟಿ ಒತ್ತಿದ ಕೆಂಪು ಗೆರೆ ಕಾಣುತ್ತದೆ. ತೆಂಗಿನೆಣ್ಣೆ ಹಾಕಿ ಬಣ್ಣ ಒರೆಸುತ್ತಾರೆ. ಸಂಜೆ ಯಾವ ಎಣ್ಣೆಯಿಂದ ಹಚ್ಚಿದರೋ ಅದೇ ಎಣ್ಣೆಯಿಂದ ತೆಗೆಯುವುದು. ಬೆವರಿಗೆ ತೊಯ್ದ ಬಟ್ಟೆಗಳನ್ನು ಹಗ್ಗಕ್ಕೆ ಹರವುತ್ತಾರೆ. ಕಿರೀಟಗಳಿಗೆ ಬಟ್ಟೆ ಸುತ್ತಿ, ಕನ್ನಡಿ ಚೂರು ಉದುರದಂತೆ ಒಂದೊಂದನ್ನೂ ಅದರದರ ಪೆಟ್ಟಿಗೆಯಲ್ಲಿಡುತ್ತಾರೆ. ಪೆಟ್ಟಿಗೆಗಳು ಲಾರಿ ಏರುತ್ತವೆ. ಚಾಲಕರು ಹತ್ತಿರ ಬಂದು ಇವತ್ತಿನ ಊರು ಯಾವುದೆಂದು ಮೇಳದ ಯಜಮಾನರನ್ನು ಕೇಳುತ್ತಾರೆ.